ಜೇಡಿ ಮಣ್ಣಿನ ಕೈತೋಟದಲ್ಲಿ ನೀರು ನಿಂತರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮನೆ ಪಕ್ಕದ ಖಾಲಿ ಜಾಗದಲ್ಲೋ, ಹೊರವಲಯದ ಸೈಟಿನಲ್ಲೋ ತರಕಾರಿ ಬೆಳೆಯುವವರು ಮಳೆಗಾಲದಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಬಂದವನ್ನು ಒಂದು ಕಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು. ಹೊಸದಾಗಿ ತೋಟ ಮಾಡುವವರು ಮಾತ್ರ ಮೊದಲಿನಿಂದ ಓದಿ.

ಮೊದಲು ತಿಳಿಯಬೇಕಾದ್ದು

ಮಳೆ ನಿಂತು ಎರಡು ದಿನ ಆದ್ರೂ ನೀರು ಹಾಗೇ ಇರುತ್ತೆ. ನಮ್ಮದು ಜೇಡಿ ಮಣ್ಣು ಅಂತಾನಾ?

ಇರಬಹುದು, ಆದರೆ ಅದೊಂದೇ ಕಾರಣ ಅಲ್ಲ. ನೀರು ನಿಲ್ಲಲು ಮೂರು ಕಾರಣ ಇರುತ್ತವೆ. ಮಣ್ಣಿನ ಕಣ ತೀರಾ ಸಣ್ಣದಾಗಿ ನೀರು ಇಳಿಯದೆ ಇರಬಹುದು. ಮೇಲಿನ ಮಣ್ಣು ಚೆನ್ನಾಗಿದ್ದೂ ಅಡಿಯಲ್ಲಿ ಗಟ್ಟಿ ಪದರ ಇರಬಹುದು. ಅಥವಾ ಜಾಗವೇ ತಗ್ಗಾಗಿದ್ದು ಸುತ್ತಲಿನ ನೀರೆಲ್ಲ ಅಲ್ಲಿಗೆ ಬರುತ್ತಿರಬಹುದು.

ಮಣ್ಣನ್ನು ಕೈಯಲ್ಲೇ ಗುರುತಿಸಬಹುದು. ಒಂದು ಹಿಡಿ ಮಣ್ಣಿಗೆ ಸ್ವಲ್ಪ ನೀರು ಹಾಕಿ ಚೆನ್ನಾಗಿ ನಾದಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಗೆ ತಳ್ಳಿ. ಎರಡು ಇಂಚಿಗಿಂತ ಉದ್ದದ ಪಟ್ಟಿ ತುಂಡಾಗದೆ ಬಂದರೆ ಅದು ಜೇಡಿ ಮಣ್ಣು. ಒಂದು ಇಂಚಿಗೂ ಮೊದಲೇ ಮುರಿದರೆ ತಪ್ಪು ಮಣ್ಣಿನದಲ್ಲ, ಬೇರೆ ಕಡೆ ಹುಡುಕಬೇಕು.

ಬೆಂಗಳೂರು ಅಂದ್ರೆ ಕೆಂಪು ಮಣ್ಣು ತಾನೇ? ನಮ್ಮ ಸೈಟಲ್ಲಿ ಈ ಕಪ್ಪು ಅಂಟು ಮಣ್ಣು ಎಲ್ಲಿಂದ ಬಂತು?

ದಿಬ್ಬದ ಮೇಲೆಲ್ಲ ಕೆಂಪು ಮಣ್ಣೇ. ಇಲ್ಲಿನ ಕಲ್ಲು ಸವೆದು ಆದ ಮಣ್ಣು ಅದು. ಆದರೆ ಊರು ದಿಬ್ಬಗಳ ಮೇಲೆ ಮಾತ್ರ ಇಲ್ಲವಲ್ಲ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಉದ್ದಕ್ಕೂ ಕೆರೆಗಳ ಸಾಲೇ ಇತ್ತು. ಒಂದು ಕೆರೆ ತುಂಬಿ ಮುಂದಿನದಕ್ಕೆ ಹರಿಯುತ್ತಿತ್ತು. ಕೆರೆಯ ಕೆಳಗೆ ಗದ್ದೆಗಳಿದ್ದವು. ನೂರಾರು ವರ್ಷ ಮೇಲಿನಿಂದ ಬಂದ ನುಣುಪು ಮಣ್ಣು ಅಲ್ಲಿ ಕೂತಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಹೆಸರು ಮರೆತುಹೋದ ಸಣ್ಣ ಕೆರೆ ಕುಂಟೆಗಳು ಲೇಔಟ್‌ಗಳಾದವು. ನಿಮ್ಮ ಬೀದಿ ಸುತ್ತಲಿನ ರಸ್ತೆಗಳಿಗಿಂತ ತಗ್ಗಿನಲ್ಲಿದ್ದು, ಹತ್ತಿರದಲ್ಲೇ ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ) ಇದ್ದರೆ, ನೀವು ಹಳೆಯ ಗದ್ದೆಯಲ್ಲೇ ತೋಟ ಮಾಡುತ್ತಿರಬಹುದು. ಅಕ್ಕಪಕ್ಕದ ಹಿರಿಯರನ್ನು ಕೇಳಿ ನೋಡಿ. ಅಲ್ಲಿ ಹಿಂದೆ ಏನಿತ್ತು ಎಂದು ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಕೆಂಪು ಮಣ್ಣಿನಲ್ಲೂ ಜೇಡಿ ಅಂಶ ಸಾಕಷ್ಟು ಇರುತ್ತದೆ. ಮನೆ ಕಟ್ಟುವಾಗ ಜೆಸಿಬಿ, ಲಾರಿ ಓಡಾಡಿದ ಕೆಂಪು ಮಣ್ಣು ಕಪ್ಪು ಮಣ್ಣಿನಷ್ಟೇ ನೀರು ನಿಲ್ಲಿಸುತ್ತದೆ.

ನೀರು ಜಾಸ್ತಿ ಇದ್ರೆ ಗಿಡಕ್ಕೆ ಒಳ್ಳೇದೇ ಅಲ್ವಾ? ನೀರಲ್ಲಿ ನಿಂತಿದ್ರೂ ಯಾಕೆ ಬಾಡುತ್ತೆ?

ಬೇರು ಉಸಿರಾಡಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದರೆ ಬೇರಿಗೆ ಆಮ್ಲಜನಕ ಸಿಗುತ್ತದೆ. ಆ ಸಂದುಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಚಲಿಸುತ್ತದೆ. ಇದ್ದಷ್ಟನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸುತ್ತವೆ. ಉಸಿರಿಲ್ಲದ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಹಾಗಾಗಿ ಎಲೆ ಬಾಡುತ್ತದೆ. ಅದನ್ನು ನೋಡಿ ಬಾಯಾರಿಕೆ ಎಂದುಕೊಂಡು ಮತ್ತೆ ನೀರು ಹಾಕುವವರು ಬಹಳ ಜನ. ಎಲೆ ಬಾಡಿದ್ದರೆ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ.

ಇದೇ ಹೊತ್ತಿಗೆ ಮಣ್ಣಿನಲ್ಲಿದ್ದ ಸಾರಜನಕ ಅನಿಲವಾಗಿ ಹೋಗುತ್ತದೆ, ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಅಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಥವಾ ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡರೆ, ಅಲ್ಲಿ ಬಹಳ ಕಾಲದಿಂದ ನೀರು ನಿಲ್ಲುತ್ತಿದೆ ಎಂದು ತಿಳಿಯಿರಿ.

ನೀರು ಎಷ್ಟು ಹೊತ್ತಲ್ಲಿ ಇಂಗಬೇಕು? ಅಳೆಯೋದು ಹೇಗೆ?

ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಿರಿ. ತುಂಬ ನೀರು ಹಾಕಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ. ಈ ಎರಡನೇ ಸಲದ್ದೇ ಲೆಕ್ಕ, ಮೊದಲನೆಯದು ಒಣ ಮಣ್ಣು ಕುಡಿದ ನೀರು. ಒಂದು ಕೋಲು ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತು ಎಂದು ಗುರುತು ಮಾಡಿ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ತರಕಾರಿಗೆ ಚೆನ್ನ. ಒಂದು ಇಂಚಿಗಿಂತ ಕಡಿಮೆ ಆದರೆ ಈ ಪುಟದ ಉಳಿದ ಭಾಗ ನಿಮಗೆ ಬೇಕು. ಮರುದಿನ ಬೆಳಿಗ್ಗೆಯೂ ಗುಂಡಿಯಲ್ಲಿ ನೀರಿದ್ದರೆ ಬರೀ ಗೊಬ್ಬರದಿಂದ ಸರಿಹೋಗುವುದಿಲ್ಲ, ಕಾಲುವೆಯೇ ಬೇಕು.

ತೋಟದ ಎರಡು ಮೂರು ಕಡೆ ಮಾಡಿ. ಒಂದೇ ಸೈಟಿನಲ್ಲಿ ಒಂದು ಮೂಲೆ ಚೆನ್ನಾಗಿದ್ದು, ಇನ್ನೊಂದು ಮೂಲೆಯಲ್ಲಿ ಸಿಮೆಂಟ್ ಕಲೆಸಿದ ಗಟ್ಟಿ ನೆಲ ಸಿಗುವುದು ಮಾಮೂಲು.

ಅಣ್ಣಾ, ಈಗಲೇ ಗಿಡಗಳು ನೀರಲ್ಲಿ ನಿಂತಿವೆ. ಇವತ್ತು ಏನು ಮಾಡ್ಲಿ?

ಎಲ್ಲಕ್ಕಿಂತ ಮೊದಲು, ಮಡಿಯ (ಗಿಡ ನೆಟ್ಟ ಪಾತಿಯ) ಮೇಲೆ ಕಾಲಿಡಬೇಡಿ. ಅಂಚಿನಲ್ಲಿ ನಿಂತು ಗುದ್ದಲಿಯಿಂದ ತಗ್ಗಿನ ಕಡೆಗೆ ಒಂದು ಸಣ್ಣ ಕಾಲುವೆ ಎಳೆಯಿರಿ. ಹರಿದು ಹೋಗಲು ಜಾಗ ಇಲ್ಲದಿದ್ದರೆ ಮೂಲೆಯಲ್ಲಿ ಎರಡು ಅಡಿ ಗುಂಡಿ ತೆಗೆದು, ಅಲ್ಲಿ ಸೇರಿದ ನೀರನ್ನು ಬಕೆಟ್‌ನಲ್ಲಿ ಎತ್ತಿ ಹಾಕಿ. ಗಿಡದ ಬುಡದಲ್ಲಿ ಹೊದಿಸಿದ ಎಲೆ, ಹುಲ್ಲನ್ನು ಪಕ್ಕಕ್ಕೆ ಸರಿಸಿ, ಮಣ್ಣಿಗೆ ಗಾಳಿ ಆಡಲಿ.

ನೀರು ಇಳಿದ ಮೇಲೆ ಮೇಲ್ಮಣ್ಣು ಸ್ವಲ್ಪ ಒಣಗಲು ಬಿಡಿ. ಆಮೇಲೆ ಮೇಲಿನ ಒಂದು ಇಂಚನ್ನಷ್ಟೇ ಹಗುರವಾಗಿ ಕೆದಕಿ. ಬೇರು ಸುಸ್ತಾಗಿರುತ್ತದೆ, ಬುಡಕ್ಕೆ ಯೂರಿಯಾ ಸುರಿಯಬೇಡಿ. 19:19:19 ಗೊಬ್ಬರವನ್ನು ಲೀಟರಿಗೆ 3 ರಿಂದ 5 ಗ್ರಾಂನಂತೆ ಕಲಸಿ ಎಲೆಗಳಿಗೆ ಸಿಂಪಡಿಸಿದರೆ ಚೇತರಿಸಿಕೊಳ್ಳಲು ಅನುಕೂಲ. ಹಳದಿಯಾದ ಕೆಳಗಿನ ಎಲೆಗಳನ್ನು ತೆಗೆಯಿರಿ. ಎರಡು ದಿನ ನೀರಲ್ಲಿದ್ದ ಪಪ್ಪಾಯ ಉಳಿಯುವುದು ಕಷ್ಟ. ಬದನೆ ಉಳಿಯುತ್ತದೆ. ಟೊಮೆಟೊ, ಮೆಣಸಿನ ಗಿಡದ ಸ್ಥಿತಿ ಒಂದು ವಾರದಲ್ಲಿ ಗೊತ್ತಾಗುತ್ತದೆ.

ನೀರಿಗೆ ದಾರಿ ಮಾಡುವುದು

ಎಲ್ಲಿಂದ ಶುರು ಮಾಡ್ಲಿ? ಮೊದಲು ಗೊಬ್ಬರನಾ, ಕಾಲುವೆನಾ?

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ. ಆಮೇಲೆ ಅದು ಹೋಗಲು ದಾರಿ ಮಾಡಿ. ಗೊಬ್ಬರ ಕೊನೆಗೆ. ಈ ಕ್ರಮ ತಪ್ಪಿದರೆ ಸಾವಿರಾರು ರೂಪಾಯಿಯ ಗೊಬ್ಬರ ನೀರಿನಲ್ಲಿ ಕೊಳೆಯುತ್ತದೆ.

ಜೋರು ಮಳೆ ಬರುವಾಗ ಕೊಡೆ ಹಿಡಿದು ತೋಟದಲ್ಲಿ ಹತ್ತು ನಿಮಿಷ ನಿಲ್ಲಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬಹಳ ಮನೆಗಳಲ್ಲಿ ತೋಟ ಕೆಡಿಸುವುದು ಅಲ್ಲಿ ಬಿದ್ದ ಮಳೆಯಲ್ಲ, ಟೆರೇಸಿನಿಂದ ಇಳಿದ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿಯ ಟೆರೇಸ್ ಎಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಸುರಿದರೆ 4,600 ಲೀಟರಿಗೂ ಜಾಸ್ತಿ, ಅಂದರೆ ಹತ್ತಿರ ಹತ್ತಿರ ಒಂದು ಟ್ಯಾಂಕರ್ ನೀರು. ಅಷ್ಟೂ ಒಂದೇ ಪೈಪಿನಿಂದ ತೋಟದ ಮೂಲೆಗೆ ಬೀಳುತ್ತಿದ್ದರೆ ಯಾವ ಮಣ್ಣೂ ತಡೆಯುವುದಿಲ್ಲ. ಆ ಪೈಪನ್ನು ಫಿಲ್ಟರ್ ಹಾಕಿ ಸಂಪಿಗೆ ತಿರುಗಿಸಿ. ಎಷ್ಟೋ ತೋಟಗಳಿಗೆ ಇಷ್ಟೇ ಬೇಕಾಗಿರುವುದು.

ಮಡಿ ಎಷ್ಟು ಎತ್ತರ ಮಾಡ್ಬೇಕು? ಇಟ್ಟಿಗೆ ಕಟ್ಲೇಬೇಕಾ?

ಎಂಟರಿಂದ ಹನ್ನೆರಡು ಇಂಚು ಎತ್ತರ ಸಾಕು. ಅಗಲ ಮೂರು ಅಡಿ, ಹೆಚ್ಚೆಂದರೆ ನಾಲ್ಕು. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು, ಮಡಿಯ ಮೇಲೆ ಹತ್ತುವ ಪ್ರಸಂಗ ಬರಬಾರದು. ಮಡಿಗಳ ನಡುವೆ ಒಂದರಿಂದ ಒಂದೂವರೆ ಅಡಿ ದಾರಿ ಬಿಡಿ. ಈ ದಾರಿಯೇ ನಿಮ್ಮ ಬಸಿಗಾಲುವೆ. ದಾರಿಯ ಮೇಲ್ಮಣ್ಣನ್ನು ಕೆರೆದು ಎರಡು ಬದಿಯ ಮಡಿಗಳಿಗೆ ಏರಿಸಿ. ಮಡಿ ಏರುತ್ತದೆ, ದಾರಿ ತಗ್ಗಾಗುತ್ತದೆ. ಹೊರಗಿನಿಂದ ಮಣ್ಣು ಬಹಳ ಬೇಕಾಗುವುದಿಲ್ಲ.

ಇಟ್ಟಿಗೆ ಬೇಕಿಲ್ಲ. ಅಂಚನ್ನು ಇಳಿಜಾರಾಗಿ ತಟ್ಟಿದರೆ ನಿಲ್ಲುತ್ತದೆ. ಕಟ್ಟಲೇಬೇಕು ಎನಿಸಿದರೆ ಸಿಮೆಂಟ್ ಇಲ್ಲದೆ ಸೈಜ್ ಕಲ್ಲನ್ನು ಸುಮ್ನೆ ಜೋಡಿಸಿ, ಸಂದುಗಳಿಂದ ನೀರು ಬಸಿಯಲಿ. ನಾಲ್ಕೂ ಕಡೆ ಸಿಮೆಂಟ್ ಗೋಡೆ ಕಟ್ಟಿ ಒಳಗೆ ಜೇಡಿ ಮಣ್ಣು ತುಂಬಿದರೆ ಅದು ತೊಟ್ಟಿಯಾಗುತ್ತದೆ.

ಮಡಿಯ ಮೇಲ್ಭಾಗ ನಡುವೆ ಸ್ವಲ್ಪ ಉಬ್ಬಿರಲಿ. ಉದ್ದ ಇಳಿಜಾರಿನ ಕಡೆಗೇ ಇರಲಿ. ಇಳಿಜಾರಿಗೆ ಅಡ್ಡ ಬಂದ ಮಡಿ ಒಡ್ಡಿನ ಹಾಗೆ ನೀರು ತಡೆಯುತ್ತದೆ. ಒಣ ಹೊಲದಲ್ಲಿ ಅದು ಬೇಕು, ನಿಮ್ಮ ಜಾಗದಲ್ಲಿ ಬೇಡ.

ಕಾಲುವೆಗೆ ಎಷ್ಟು ಇಳಿಜಾರು ಬೇಕು? ಕಣ್ಣಂದಾಜಲ್ಲಿ ಆಗುತ್ತಾ?

ನೂರು ಅಡಿಗೆ ಒಂದು ಅಡಿ ಇಳಿದರೆ ಸಾಕು. 20 ಅಡಿಯ ಕಾಲುವೆಗೆ ಸುಮಾರು ಎರಡೂವರೆ ಇಂಚು. ಇದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ಲೆವೆಲ್ ತನ್ನಿ. ಎರಡು ಗೂಟಗಳಿಗೆ ದಾರ ಕಟ್ಟಿ ಮಟ್ಟ ಮಾಡಿಕೊಳ್ಳಿ. ದಾರದಿಂದ ಕೆಳಕ್ಕೆ ಅಳೆಯುತ್ತಾ ಅಗೆಯಿರಿ. ಅಗೆತ ಯಾವಾಗಲೂ ತಗ್ಗಿನ ತುದಿಯಿಂದ ಶುರುವಾಗಲಿ. ಮಧ್ಯದಲ್ಲಿ ಮಳೆ ಬಂದರೂ ಅಲ್ಲಿಯವರೆಗಿನ ಕೆಲಸ ನೀರನ್ನು ಹೊರಗೆ ಕಳಿಸುತ್ತದೆ.

ಇಳಿಜಾರು ಜಾಸ್ತಿ ಆದರೂ ಕಷ್ಟ, ಮಣ್ಣು ಕೊಚ್ಚಿಹೋಗುತ್ತದೆ. ಅಂಥ ಕಡೆ ಕಾಲುವೆಯಲ್ಲಿ ಹುಲ್ಲು ಬೆಳೆಯಲು ಬಿಡಿ.

ಸುತ್ತ ಕಾಂಪೌಂಡ್ ಇದೆ. ನೀರನ್ನ ಎಲ್ಲಿಗೆ ಬಿಡ್ಲಿ? ಮನೆ ಮುಂದಿನ ಮ್ಯಾನ್‌ಹೋಲ್‌ಗೆ ಬಿಡಬಹುದಾ?

ಬೇಡ. ಮ್ಯಾನ್‌ಹೋಲ್ ಇರುವುದು ಕೊಳಚೆ ನೀರಿನ ಒಳಚರಂಡಿಗೆ. ಅದಕ್ಕೆ ಮಳೆ ನೀರು ಬಿಡುವುದು ನಿಯಮಕ್ಕೆ ವಿರುದ್ಧ. ಮಳೆ ಬಂದಾಗ ತಗ್ಗಿನ ಬೀದಿಗಳಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೂ ಒಂದು ದೊಡ್ಡ ಕಾರಣ. ನಮ್ಮ ನೀರು ಇನ್ನೊಬ್ಬರ ಬಚ್ಚಲಿನಲ್ಲಿ ಉಕ್ಕಬಾರದು.

ಮೊದಲ ಆಯ್ಕೆ ನಿಮ್ಮ ಜಾಗದಲ್ಲೇ ಇಂಗಿಸುವುದು. ಅದು ಆಗದಷ್ಟು ನೀರನ್ನು ರಸ್ತೆ ಬದಿಯ ಮಳೆ ನೀರಿನ ಮೋರಿಗೆ ಬಿಡಿ. ಕಾಂಪೌಂಡಿನ ಬುಡದಲ್ಲಿ ಮೂರು ನಾಲ್ಕು ಇಂಚಿನ ಪೈಪ್ ತೂರಿಸಿ, ಒಳಬದಿಗೆ ಜಾಲರಿ ಹಾಕಿ. ಜಾಲರಿ ಇಲ್ಲದಿದ್ದರೆ ಇಲಿ ಬರುತ್ತದೆ. ಪಕ್ಕದ ಸೈಟಿಗೆ ಮಾತ್ರ ನೀರು ತಿರುಗಿಸಬೇಡಿ, ಖಾಲಿ ಇದ್ದರೂ ಸರಿ.

ಇಂಗುಬಾವಿ ತೋಡಿಸಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತಾರೆ, ನಿಜನಾ?

ಜಾಗದ ಮೇಲೆ ಹೋಗುತ್ತದೆ. ದಿಬ್ಬದ ಕೆಂಪು ಮಣ್ಣಿನಲ್ಲಿ ಮೂರು ಅಡಿ ಅಗಲ, 20 ರಿಂದ 30 ಅಡಿ ಆಳದ ಇಂಗುಬಾವಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲಿನ ಗಟ್ಟಿ ಪದರ ದಾಟಿದರೆ ಅಡಿಯ ಸವೆದ ಕಲ್ಲಿನ ಪದರ ನೀರು ಕುಡಿಯುತ್ತದೆ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದಿರುವ ಮಣ್ಣು ವಡ್ಡರು ಇಂದಿಗೂ ನಗರದಲ್ಲಿ ಈ ಕೆಲಸ ಮಾಡುತ್ತಾರೆ. ಹತ್ತು ಅಡಿ ಇಳಿಯುವಷ್ಟರಲ್ಲೇ ನೀರು ಇಂಗುವ ಜಾಗವೋ ಅಲ್ಲವೋ ಎಂದು ಅವರು ಹೇಳಬಲ್ಲರು. ಅವರ ಮಾತಿಗೆ ಬೆಲೆ ಕೊಡಿ.

ಕೆರೆಯಂಗಳದಂಥ ತಗ್ಗಿನಲ್ಲಿ ಕಥೆ ಬೇರೆ. ಮಳೆಗಾಲದಲ್ಲಿ ಅಲ್ಲಿ ಐದಾರು ಅಡಿಗೇ ನೀರು ಸಿಗಬಹುದು. ತುಂಬಿದ ಬಾವಿಗೆ ಇನ್ನಷ್ಟು ನೀರು ಇಳಿಯುವುದಿಲ್ಲ. ಅಂಥ ಕಡೆ ಆ ಹಣವನ್ನು ಮಡಿ ಏರಿಸುವುದಕ್ಕೆ ಹಾಕಿ. 2009ರಿಂದ ನಗರದಲ್ಲಿ ನಿಗದಿತ ಅಳತೆಯ ಸೈಟುಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ. ಯಾವ ವಿಧಾನ ನಿಮಗೆ ಹೊಂದುತ್ತದೆ ಎಂದು ನೋಡಲು ಜಯನಗರ 5ನೇ ಬ್ಲಾಕಿನಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಉದ್ಯಾನಕ್ಕೆ ಒಮ್ಮೆ ಹೋಗಿ ಬನ್ನಿ.

ಮಣ್ಣು ಹದ ಮಾಡುವುದು

ಜೇಡಿ ಮಣ್ಣಿಗೆ ಮರಳು ಬೆರೆಸಿದ್ರೆ ಸಡಿಲ ಆಗಲ್ವಾ?

ಸ್ವಲ್ಪ ಬೆರೆಸಿದರೆ ಇನ್ನೂ ಗಟ್ಟಿಯಾಗುತ್ತದೆ. ಮರಳಿನ ಕಾಳುಗಳ ನಡುವೆ ಜೇಡಿ ತುಂಬಿಕೊಂಡು, ಒಣಗಿದಾಗ ಗುದ್ದಲಿ ತಾಗದಂಥ ಹೆಂಟೆಯಾಗುತ್ತದೆ. ಮರಳಿನಿಂದ ಗುಣ ಕಾಣಬೇಕಾದರೆ ಮಣ್ಣಿನ ಅರ್ಧದಷ್ಟಾದರೂ ಮರಳೇ ಇರಬೇಕು. ನೂರು ಚದರ ಅಡಿಯ ಜಾಗದಲ್ಲಿ ಮೇಲಿನ ಅರ್ಧ ಅಡಿಗೆ ಲೆಕ್ಕ ಹಾಕಿ, 50 ಘನ ಅಡಿ ಮರಳು ಬೇಕು. ತೂಕ ಎರಡು ಟನ್ ದಾಟುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಕಾಂಪೋಸ್ಟ್‌ನಲ್ಲಿ ಆಗುವ ಕೆಲಸಕ್ಕೆ ಇಷ್ಟು ಯಾಕೆ? ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಪುಡಿಯಂತೂ ಬೇಡವೇ ಬೇಡ, ಅದರಲ್ಲಿರುವ ನುಣುಪು ಧೂಳು ಸಂದುಗಳನ್ನು ಮುಚ್ಚುತ್ತದೆ.

ಒಂದು ಲೋಡ್ ಕೆಂಪು ಮಣ್ಣು, ಇಲ್ಲಾ ಕೆರೆ ಗೋಡು ಹೊಡೆಸ್ಬಿಡ್ಲಾ?

ಕೆರೆ ಗೋಡು, ಅಂದರೆ ಕೆರೆಯ ಹೂಳು, ಬೇಡ. ನಮ್ಮ ರೈತರು ಬೇಸಿಗೆಯಲ್ಲಿ ಗೋಡು ಹೊಡೆಯುವುದು ನೀರು ನಿಲ್ಲದ ಮರಳು ಮಿಶ್ರಿತ ಹೊಲಗಳಿಗೆ. ಅಲ್ಲಿ ಅದು ಬಂಗಾರ. ನಿಮ್ಮಲ್ಲಿ ಈಗಾಗಲೇ ಇರುವುದೂ ಅದೇ. ಮೇಲಾಗಿ ನಗರದ ಕೆರೆಗಳ ಹೂಳಿನಲ್ಲಿ ಕೊಳಚೆ, ಕಾರ್ಖಾನೆ ನೀರಿನ ಅಂಶ ಇರಬಹುದು. ತಿನ್ನುವ ಬೆಳೆಗೆ ಅದು ಸಲ್ಲದು.

ಕೆಂಪು ಮಣ್ಣು ಹಾಕಿಸಬಹುದು, ಆದರೆ ಸುಮ್ನೆ ಮೇಲೆ ಹರಡಿದರೆ ಎರಡು ಮಣ್ಣು ಸೇರುವ ಗೆರೆಯಲ್ಲಿ ನೀರು ನಿಲ್ಲುತ್ತದೆ. ಮೊದಲು ಹಳೆಯ ನೆಲವನ್ನು ಹಾರೆಯಿಂದ ಮೀಟಿ ಬಿರುಕು ಮಾಡಿ. ಎರಡು ಇಂಚು ಹೊಸ ಮಣ್ಣು ಹಾಕಿ ಅದರೊಂದಿಗೆ ಕಲೆಸಿ. ಉಳಿದದ್ದನ್ನು ಆಮೇಲೆ ಹಾಕಿ. ಮಣ್ಣು ಇಳಿಸುವ ಮುಂಚೆ ಲಾರಿ ಹತ್ತಿ ಒಂದು ಹಿಡಿ ತೆಗೆದು, ಮೊದಲ ಪ್ರಶ್ನೆಯಲ್ಲಿ ಹೇಳಿದ ಹಾಗೆ ಬೆರಳಲ್ಲಿ ಒತ್ತಿ ಪಟ್ಟಿ ಬರುತ್ತದೆಯೇ ನೋಡಿ. ಪಾಯ ತೆಗೆದ ಅಡಿಮಣ್ಣನ್ನೇ ತೋಟದ ಮಣ್ಣು ಎಂದು ಮಾರುವುದು ಜಾಸ್ತಿ.

ಗೊಬ್ಬರ ಎಷ್ಟು ಹಾಕ್ಬೇಕು? ಕೋಕೋಪೀಟ್ ಹಾಕಿದ್ರೆ ಆಗುತ್ತಾ?

ಮೊದಲ ವರ್ಷ ಮಡಿಯ ಮೇಲೆ ಎರಡು ಇಂಚು ದಪ್ಪ ಹರಡಿ, ಮೇಲಿನ ಅರ್ಧ ಅಡಿಯಲ್ಲಿ ಬೆರೆಸಿ. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿಗೆ 140 ಲೀಟರ್, ಅಂದರೆ 20 ಲೀಟರಿನ ಏಳು ಬಕೆಟ್. ಮುಂದೆ ಪ್ರತಿ ಬೆಳೆಗೆ ಒಂದು ಇಂಚು ಮೇಲೆ ಹರಡಿದರೆ ಸಾಕು, ಅಗೆಯುವುದು ಬೇಡ. ಎರೆಹುಳು ಅದನ್ನು ಕೆಳಗೆ ಒಯ್ಯುತ್ತದೆ. ಅದು ಕೊರೆದ ದಾರಿಯಲ್ಲೇ ನೀರೂ ಇಳಿಯುತ್ತದೆ.

ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ, ಅರೆಬರೆ ಕಳಿತ ಅಡುಗೆಮನೆ ಕಸ ನೀರು ನಿಲ್ಲುವ ಮಣ್ಣಿನಲ್ಲಿ ಇರುವ ಅಲ್ಪ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರ, ಮನೆಯ ಕಾಂಪೋಸ್ಟ್, ಎಲೆಗೊಬ್ಬರ ಯಾವುದಾದರೂ ಸರಿ. ಬೇಸಿಗೆ ಮುಂಚೆ ನಮ್ಮ ಬೀದಿಗಳಲ್ಲಿ ಹೊಂಗೆ, ಮಳೆಮರದ ಎಲೆ ರಾಶಿ ರಾಶಿ ಉದುರುತ್ತದೆ. ಅದನ್ನು ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪೌರಕಾರ್ಮಿಕರನ್ನು ಕೇಳಿದರೆ ಗುಡಿಸಿದ ಎಲೆಯನ್ನು ಚೀಲದಲ್ಲಿ ತುಂಬಿ ಕೊಡುತ್ತಾರೆ. ಪ್ಲಾಸ್ಟಿಕ್ ಆರಿಸಿ ಗುಡ್ಡೆ ಹಾಕಿ, ಆಗಾಗ ನೀರು ಚಿಮುಕಿಸಿ. ಮುಂದಿನ ವರ್ಷಕ್ಕೆ ಎಲೆಗೊಬ್ಬರ ತಯಾರು.

ಕೋಕೋಪೀಟ್ ನೀರು ಹಿಡಿದಿಡುವ ವಸ್ತು. ಟೆರೇಸಿನ ಕುಂಡಗಳಿಗೆ ಅದು ಸರಿ, ಇಲ್ಲಿ ಅದರ ಕೆಲಸವಿಲ್ಲ.

ಯಾವಾಗ ಅಗೆಯೋದು? ಒದ್ದೆ ಇದ್ರೆ ಅಂಟುತ್ತೆ, ಒಣಗಿದ್ರೆ ಗುದ್ದಲಿನೇ ಇಳಿಯಲ್ಲ.

ಜೇಡಿ ಮಣ್ಣಿನಲ್ಲಿ ಹದ ಸಿಗುವುದು ಕೆಲವೇ ದಿನ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಸೊಂಟದ ಎತ್ತರದಿಂದ ಬಿಡಿ. ರಾಗಿ ಮುದ್ದೆಯ ಹಾಗೆ ಒಂದೇ ಉಂಡೆಯಾಗಿ ಬಿದ್ದರೆ ಇನ್ನೂ ಒದ್ದೆ, ಕಾಯಿರಿ. ಬಿದ್ದು ಪುಡಿಯಾದರೆ ಅವತ್ತೇ ಕೆಲಸ ಮಾಡಿ. ಒದ್ದೆ ಇದ್ದಾಗ ಅಗೆದರೆ ಮಣ್ಣಿನ ಸಂದುಗಳೆಲ್ಲ ಮೆತ್ತಿಕೊಳ್ಳುತ್ತವೆ. ಒಂದು ದಿನದ ಆತುರಕ್ಕೆ ಇಡೀ ವರ್ಷ ಆ ಮಣ್ಣು ಸರಿಹೋಗುವುದಿಲ್ಲ.

ಇಲ್ಲಿನ ಹವೆಗೆ ಏಪ್ರಿಲ್ ಮತ್ತು ಮೇ ತಿಂಗಳ ಮೊದಲ ಮಳೆಗಳ ನಡುವಿನ ಬಿಡುವು ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬೀಳುತ್ತವೆ. ಬೆಂಗಳೂರಿಗೆ ವರ್ಷದ ದೊಡ್ಡ ಮಳೆ ಬರುವುದೇ ಆಗ. ಅಷ್ಟರೊಳಗೆ ಕಾಲುವೆ, ಮಡಿ ಎರಡೂ ಮುಗಿದಿರಬೇಕು.

ಹಸಿರೆಲೆ ಗೊಬ್ಬರದ ಬೆಳೆ ಇಂಥ ಜಾಗದಲ್ಲಿ ಬರುತ್ತಾ?

ಡಯಂಚ ಬರುತ್ತದೆ, ನೀರು ನಿಂತರೂ ತಡೆದುಕೊಳ್ಳುತ್ತದೆ. ಬೇರು ಆಳಕ್ಕೆ ಇಳಿದು ಗಟ್ಟಿ ಪದರದಲ್ಲಿ ದಾರಿ ಮಾಡುತ್ತದೆ. ನೂರು ಚದರ ಅಡಿಗೆ ಒಂದು ದೊಡ್ಡ ಹಿಡಿ ಬೀಜ ಸಾಕು. ಮೇ ಕೊನೆಯಲ್ಲಿ ಬಿತ್ತಿ, ಸುಮಾರು 45 ದಿನಕ್ಕೆ, ಹೂ ಬರುವ ಮುಂಚೆ ಕತ್ತರಿಸಿ. ಕಾಂಡ ಎಲೆಯನ್ನು ಮೇಲ್ಮಣ್ಣಿನಲ್ಲಿ ಬೆರೆಸಿ ಎರಡು ವಾರ ಬಿಟ್ಟು ಸಸಿ ನೆಡಿ. ಬೇರನ್ನು ಕೀಳಬೇಡಿ, ಅದು ಅಲ್ಲೇ ಕೊಳೆತರೆ ನೀರಿಗೆ ದಾರಿಯಾಗುತ್ತದೆ. ಅಪ್ಸೆಣಬು, ಅಲಸಂದೆ ಕೂಡ ಒಳ್ಳೆಯವೇ, ಆದರೆ ನೀರು ಬಸಿಯುವ ಮಡಿಯ ಮೇಲೆ ಮಾತ್ರ.

ಅಂಗಡಿಯವರು ಜಿಪ್ಸಂ ಹಾಕಿ ಅಂದ್ರು. ಹಾಕ್ಲಾ?

ಮೊದಲು ಒಂದು ಲೋಟದ ಪರೀಕ್ಷೆ ಮಾಡಿ. ಲೋಟದಲ್ಲಿ ಮಳೆ ನೀರು ಅಥವಾ ಕುಡಿಯುವ ಆರ್‌ಓ ನೀರು ತೆಗೆದುಕೊಂಡು, ಕಡಲೆಕಾಳಿನ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಮರುದಿನ ನೋಡಿ. ಹೆಂಟೆ ಪುಡಿಯಾಗಿದ್ದು ನೀರು ತಿಳಿಯಾಗಿದ್ದರೆ ಕಾಂಪೋಸ್ಟ್ ಕೊರತೆ, ಜಿಪ್ಸಂ ಬೇಕಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದಿದ್ದರೆ ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇರುವ ಸಾಧ್ಯತೆ ಇದೆ. ಸೋಡಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟದ ಹಾಗೆ ಬಿಡಿಸುತ್ತದೆ. ಬಿಡಿಯಾದ ಕಣ ಎಲ್ಲ ಸಂದುಗಳಲ್ಲೂ ಕೂರುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರಗೆ ತಳ್ಳುತ್ತದೆ. ಆದರೆ ಹಾಗೆ ಹೊರಬಂದದ್ದು ನೀರಿನೊಂದಿಗೆ ಹರಿದು ಹೋಗಬೇಕು. ಕಾಲುವೆ ಇಲ್ಲದ ಕಡೆ ಜಿಪ್ಸಂನಿಂದಲೂ ಲಾಭವಿಲ್ಲ.

ನಮ್ಮ ಕೆಂಪು ಮಣ್ಣು ಸಹಜವಾಗಿ ಸ್ವಲ್ಪ ಹುಳಿ ಗುಣದ್ದು, ಅದರಲ್ಲಿ ಈ ತೊಂದರೆ ಇರಬಾರದು. ಹಾಗಾದರೆ ಸೋಡಿಯಂ ಎಲ್ಲಿಂದ ಬರುತ್ತದೆ? ನಮ್ಮ ಮನೆಯಿಂದಲೇ. ಗಡಸು ಬೋರ್‌ವೆಲ್ ನೀರಿಗೆ ಹಾಕಿಸಿದ ಸಾಫ್ಟ್‌ನರ್ ಉಪ್ಪಿನಿಂದ ಕೆಲಸ ಮಾಡುತ್ತದೆ. ಅದನ್ನು ತೊಳೆದಾಗ ಹೊರಬರುವ ಉಪ್ಪುನೀರನ್ನು ಎಷ್ಟೋ ಮನೆಗಳಲ್ಲಿ ತೋಟಕ್ಕೆ ಬಿಟ್ಟಿರುತ್ತಾರೆ. ವಾಷಿಂಗ್ ಮಷಿನ್ ನೀರೂ ಅಷ್ಟೇ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ, ಆದರೆ ಜೇಡಿ ಮಣ್ಣಿಗೆ ಅದು ವಿಷ. ಸಾಫ್ಟ್‌ನರ್ ಆದ ಮೇಲಿನ ನಲ್ಲಿಯಿಂದ ಗಿಡಕ್ಕೆ ನೀರು ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ, ಮೊದಲಿನ ಪೈಪಿನಿಂದ ಒಂದು ನಲ್ಲಿ ತೆಗೆಯಿರಿ.

ಎಷ್ಟು ಜಿಪ್ಸಂ ಎಂದು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು. ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದಲ್ಲಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಮಣ್ಣು ಪರೀಕ್ಷೆ ಮಾಡಿಕೊಡುತ್ತಾರೆ. ರಸಸಾರ (ಪಿಹೆಚ್) 8.5 ದಾಟದೆ ಇದ್ದರೆ ಜಿಪ್ಸಂ ಚೀಲ ಅಂಗಡಿಯಲ್ಲೇ ಇರಲಿ.

ಬೆಳೆಯ ಆಯ್ಕೆ

ಮಣ್ಣು ಸರಿಹೋಗೋ ತನಕ ಏನು ಬೆಳೀಲಿ?

ಅತಿ ತಗ್ಗಿನ ಮೂಲೆಯನ್ನು ಕೆಸುವಿಗೆ ಬಿಡಿ, ಅದಕ್ಕೆ ಅಂಥ ಜಾಗವೇ ಇಷ್ಟ. ಹೊನಗೊನೆ ಸೊಪ್ಪು, ಒಂದೆಲಗ ಕೂಡ ತೇವದಲ್ಲೇ ಚೆನ್ನ. ಬಸಳೆ ಸಾಕಷ್ಟು ತಡೆಯುತ್ತದೆ. ಏರಿಸಿದ ಮಡಿಯ ಮೇಲೆ ಬದನೆ, ಬೆಂಡೆ ನಂಬಬಹುದು. ಹೀರೆ, ಸೋರೆ, ಹಾಗಲವನ್ನು ದಿಣ್ಣೆ ಮಾಡಿ ಅದರ ನೆತ್ತಿಯಲ್ಲಿ ಬಿತ್ತಿ. ಬೀನ್ಸ್, ಕೊತ್ತಂಬರಿ, ಈರುಳ್ಳಿ, ಶುಂಠಿ, ಪಪ್ಪಾಯ ನೀರು ನಿಂತರೆ ಬೇಗ ಕೊಳೆಯುತ್ತವೆ. ಇವನ್ನು ಮೊದಲ ವರ್ಷ ಬಿಟ್ಟುಬಿಡಿ. ಕ್ಯಾರೆಟ್, ಮೂಲಂಗಿ ಬಂದರೂ ಕವಲೊಡೆದು ಬರುತ್ತವೆ.

ಟೊಮೆಟೊ ಕಾಯಿ ಬಿಡೋ ಹೊತ್ತಿಗೆ ಹಸಿರಾಗಿದ್ದ ಗಿಡ ಒಂದೇ ದಿನದಲ್ಲಿ ಸೊರಗುತ್ತೆ. ಇದೂ ನೀರಿಂದಾನೇ ಆಗೋದಾ?

ಇದು ದುಂಡಾಣು ಸೊರಗು ರೋಗ ಇರಬಹುದು. ಬುಡದ ಹತ್ತಿರದ ಕಾಂಡವನ್ನು ಕತ್ತರಿಸಿ ತಿಳಿ ನೀರಿನ ಲೋಟದಲ್ಲಿ ತುದಿ ಅದ್ದಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಇಳಿದರೆ ಅದೇ ರೋಗ. ಒದ್ದೆ, ಬೆಚ್ಚಗಿನ ಮಣ್ಣಿನಲ್ಲಿ ಇದು ಜೋರಾಗುತ್ತದೆ. ಕಾಲುವೆ ನೀರಿನೊಂದಿಗೆ ಗಿಡದಿಂದ ಗಿಡಕ್ಕೆ ಹರಡುತ್ತದೆ. ಗಿಡವನ್ನು ಬೇರು ಸಮೇತ ಕಿತ್ತು ಹೊರಗೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಆ ಮಡಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಕೆಲವು ವರ್ಷ ಬೇಡ.

ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ರೋಗ ತಡೆಯುವ ಗುಣ ಇದೆ. ಬದನೆಯ ಬೇರಿಗೆ ಕಸಿ ಕಟ್ಟಿದ ಟೊಮೆಟೊ ಸಸಿ ಸಿಕ್ಕರೆ ಇನ್ನೂ ಒಳ್ಳೆಯದು, ಅದು ನಿಂತ ನೀರನ್ನೂ ಹೆಚ್ಚು ತಡೆಯುತ್ತದೆ. ಆದರೆ ಯಾವ ತಳಿಯೂ ಕಾಲುವೆಯ ಬದಲಿಗೆ ಬರುವುದಿಲ್ಲ.

ಇನ್ನೂ ಆಳದ ಪ್ರಶ್ನೆಗಳು

ನೆಲದೊಳಗೆ ತೂತಿನ ಪೈಪ್ ಹಾಕಿಸ್ಬೇಕು ಅಂತಿದ್ದೀನಿ. ಹೇಗೆ?

ತೆರೆದ ಕಾಲುವೆಯಿಂದ ಆಗದಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಒಂದು ಅಡಿ ಅಗಲ, ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆ ತೆಗೆಯಿರಿ. ಒಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ. ಇದನ್ನು ಬಿಟ್ಟರೆ ಕೆಲವೇ ವರ್ಷದಲ್ಲಿ ಜೇಡಿ ನುಗ್ಗಿ ಜಲ್ಲಿಯೆಲ್ಲ ಕಟ್ಟಿಕೊಳ್ಳುತ್ತದೆ. ಎರಡು ಇಂಚು ಜಲ್ಲಿ ಹಾಕಿ, ಅದರ ಮೇಲೆ ನಾಲ್ಕು ಇಂಚಿನ ತೂತಿನ ಪಿವಿಸಿ ಪೈಪ್ ಇಡಿ. ತೂತುಗಳು ಕೆಳಮುಖವಾಗಿರಲಿ. ಮೇಲಿನವರೆಗೆ 20 ಎಂಎಂ ಜಲ್ಲಿ ತುಂಬಿ ಬಟ್ಟೆ ಮಡಚಿ. ಇಳಿಜಾರು ತೆರೆದ ಕಾಲುವೆಯಷ್ಟೇ. ಮೇಲಿನ ತುದಿಯಲ್ಲಿ ಪೈಪನ್ನು ನೆಲದಿಂದ ಹೊರಗೆ ಎತ್ತಿ ಮುಚ್ಚಳ ಹಾಕಿದರೆ ಮುಂದೆ ನೀರು ಬಿಟ್ಟು ತೊಳೆಯಬಹುದು.

ಜೇಡಿ ಮಣ್ಣಿನಲ್ಲಿ ನೀರು ಅಡ್ಡಡ್ಡ ಬಹಳ ನಿಧಾನವಾಗಿ ಸಾಗುತ್ತದೆ. ಒಂದು ಪೈಪ್ ತನ್ನ ಎರಡು ಬದಿಯ ಕೆಲವು ಅಡಿಗಳನ್ನಷ್ಟೇ ಒಣಗಿಸುತ್ತದೆ. ಹಾಗಾಗಿ ತೋಟದ ನಡುವೆ ಹಾಕುವುದಕ್ಕಿಂತ, ಮೇಲಿನಿಂದ ನೀರು ಬರುವ ಅಂಚಿನಲ್ಲಿ ಅಡ್ಡ ಹಾಕಿ ಅಲ್ಲೇ ಹಿಡಿದು ತಿರುಗಿಸುವುದು ಲಾಭ.

ಮಡಿ ಕೆಳಗೆ ಒಂದು ಪದರ ಜಲ್ಲಿ ಹಾಕಿದ್ರೆ ನೀರು ಬಸಿಯುತ್ತೆ ಅಲ್ವಾ?

ಇಲ್ಲ. ಸಣ್ಣ ಸಂದುಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲಷ್ಟೇ ಇಳಿಯುತ್ತದೆ. ಅಂದರೆ ಬೇರಿನ ಹತ್ತಿರವೇ ನೀರು ನಿಲ್ಲುತ್ತದೆ. ಕುಂಡಗಳಲ್ಲೂ ಇದೇ ಕಥೆ. ಆ ಜಲ್ಲಿಯ ಜಾಗಕ್ಕೆ ಗೊಬ್ಬರ ಬೆರೆಸಿದ ಮಣ್ಣನ್ನೇ ಹಾಕಿ.

ಮಡಿ, ಕಾಲುವೆ, ಗೊಬ್ಬರ ಎಲ್ಲಾ ಮಾಡಿದ್ವಿ. ಆದ್ರೂ ಅಕ್ಟೋಬರಲ್ಲಿ ನೆಲ ಜಿನುಗುತ್ತೆ. ಯಾಕೆ?

ನೀರು ಮೇಲಿನಿಂದ ಅಲ್ಲ, ಕೆಳಗಿನಿಂದ ಬರುತ್ತಿರಬಹುದು. ಮೂರು ಅಡಿ ಗುಂಡಿ ತೆಗೆದು ತಗಡು ಮುಚ್ಚಿ. ಮಳೆ ಇಲ್ಲದ ಎರಡು ದಿನ ಬಿಟ್ಟು ನೋಡಿ. ಬದಿಗಳಿಂದ ಜಿನುಗಿ ನೀರು ಏರಿದ್ದರೆ ಅದು ಅಂತರ್ಜಲದ ಮಟ್ಟ. ಹತ್ತಿರ ಕೆರೆ ಇದ್ದು ಅದು ತುಂಬಿದಾಗ ಹೀಗಾಗುತ್ತದೆ. ಆ ಮಟ್ಟ ನೆಲದಿಂದ ಒಂದು ಅಡಿಯೊಳಗೆ ಇದ್ದರೆ ಮಡಿಯನ್ನು ಒಂದೂವರೆ ಅಡಿಗೆ ಏರಿಸುವುದೊಂದೇ ದಾರಿ. ಆ ಎರಡು ತಿಂಗಳು ಆಳ ಬೇರಿನ ಬೆಳೆ ಇಡದೆ, ಸೊಪ್ಪು ಬೆಳೆದುಕೊಳ್ಳಿ. ಗುಂಡಿಗೆ ಮುಚ್ಚಳ ಮರೆಯಬೇಡಿ, ನಿಂತ ನೀರಿನಲ್ಲಿ ಒಂದು ವಾರ ಹತ್ತು ದಿನದೊಳಗೆ ಸೊಳ್ಳೆ ಮರಿಯಾಗಿ ಹಾರುತ್ತದೆ.

ಮಳೆ ಇಲ್ಲದ ಬೇಸಿಗೆಯಲ್ಲೂ ಒಂದೇ ಕಡೆ ಜಿನುಗುತ್ತಿದ್ದರೆ ಒಡೆದ ನೀರಿನ ಪೈಪೋ, ಸಂಪಿನ ಬಿರುಕೋ ಇರಬೇಕು, ಅದನ್ನು ಹುಡುಕಿಸಿ.

ಹೋದ ವಾರ ರಾಜಕಾಲುವೆ ಉಕ್ಕಿ ತೋಟಕ್ಕೆ ನುಗ್ಗಿತ್ತು. ತರಕಾರಿ ತಿನ್ನಬಹುದಾ?

ಆ ನೀರು ಮುಟ್ಟಿದ ಯಾವುದನ್ನೂ ತಿನ್ನಬೇಡಿ. ಸೊಪ್ಪು, ಮೂಲಂಗಿ, ಕ್ಯಾರೆಟ್, ನೆಲಕ್ಕೆ ತಾಗಿದ ಕಾಯಿ ಎಲ್ಲವನ್ನೂ ಕಿತ್ತು ಹಾಕಿ. ತೊಳೆದರೆ ಹೋಗುವ ಕೊಳೆ ಅಲ್ಲ ಅದು. ಕೆಲಸ ಮಾಡುವಾಗ ಬೂಟು, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರು ಇಳಿದ ಮೇಲೆ ಮೇಲೆ ಕೂತ ಕೆಸರಿನ ಪದರವನ್ನು ಸನಿಕೆಯಿಂದ ಕೆರೆದು ತೆಗೆಯಿರಿ. ಮಣ್ಣಿಗೆ ಬಿಸಿಲು ಬೀಳಲಿ. ಹಸಿಯಾಗಿ ತಿನ್ನುವ ಸೌತೆ, ಕೊತ್ತಂಬರಿ, ಕ್ಯಾರೆಟ್‌ನಂಥವನ್ನು ಕನಿಷ್ಠ ನಾಲ್ಕು ತಿಂಗಳು ಅಲ್ಲಿಂದ ಕೀಳುವಂತಿಲ್ಲ. ಆ ಅವಧಿಗೆ ಡಯಂಚ ಬಿತ್ತಿ.

ಪ್ರತಿ ವರ್ಷ ಹೀಗೇ ಆಗುತ್ತಿದ್ದರೆ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳ ಪರೀಕ್ಷೆ ಮಾಡಿಸಿ. ಇದು ಮಾಮೂಲು ಮಣ್ಣು ಪರೀಕ್ಷೆಯಲ್ಲಿ ಬರುವುದಿಲ್ಲ, ಪ್ರತ್ಯೇಕವಾಗಿ ಕೇಳಬೇಕು. ಫಲಿತಾಂಶ ಬರುವ ತನಕ ಆ ನೆಲದಲ್ಲಿ ಸೇವಂತಿಗೆ, ಚೆಂಡು ಹೂ, ಕನಕಾಂಬರ ಬೆಳೆಯಿರಿ. ತರಕಾರಿಯನ್ನು ಟೆರೇಸಿನ ಕುಂಡಗಳಲ್ಲಿ ಇಡಿ.